ಭಾನುವಾರದ ಮೋಡಗಳು

ನನ್ನ ತಂಗಿ ಪ್ಲೌನಿಯ ಗಂಡ ಕ್ರೈನ್ ದೇವರಂಥ ಮನುಷ್ಯ ಎಂದು ಈಗ ನಮ್ಮ ಔಡೆವಾಲ್ ಊರಿಗೆ ಊರೇ ಹೇಳುತ್ತದೆ. ಸತ್ತವರೆಲ್ಲ ದೇವರಂಥವರೇ ಬಿಡಿ. ಬದುಕಿದ್ದಾಗ ಇದೇ ಬಾಯಿಗಳು ಅವನನ್ನು 'ಮೋಡ ಮೇಯಿಸುವವನು' ಎಂದು ಆಡಿಕೊಳ್ಳುತ್ತಿದ್ದವು. ಬೇರೆ ಗಂಡಸರು ದನ ಮೇಯಿಸುತ್ತಾರೆ, ಹುಲ್ಲು ಕೊಯ್ಯುತ್ತಾರೆ, ಹಾವುಮೀನು ಹಿಡಿಯುತ್ತಾರೆ. ಇವನು ದಂಡೆಯ ಮೇಲೆ ಅಂಗಾತ ಬಿದ್ದುಕೊಂಡು ಮೋಡ ಮೇಯಿಸುತ್ತಿದ್ದ. ನಾನೂ ಹಾಗೇ ಆಡಿಕೊಂಡವಳು. ಅವನ ಎದುರಿಗೇ ಆಡಿಕೊಂಡೆ, ಅಷ್ಟೇ ವ್ಯತ್ಯಾಸ.

ಪಟ್ಟಣದ ಚಿತ್ರಗಾರರು ಬೇಸಿಗೆಯಲ್ಲಿ ಹಿಂಡುಹಿಂಡಾಗಿ ಬಂದು, ಬಿಳಿ ಕೊಡೆ ಬಿಚ್ಚಿಕೊಂಡು, ನಮ್ಮ ದನಗಳ ಮುಂದೆ ಕೂರುತ್ತಿದ್ದ ಕಾಲ ಅದು. ಕ್ರೈನ್ ಆಗ ದೋಣಿಗಳಿಗೂ ಕಿಟಕಿಯ ಬಾಗಿಲುಗಳಿಗೂ ಬಣ್ಣ ಹೊಡೆಯುತ್ತಿದ್ದ. ಅವರ ತಗಡಿನ ಕೊಳವೆಯ ಬಣ್ಣ, ಅವರ ಕುಂಚ ನೋಡಿ ನೋಡಿ ಇವನಿಗೂ ಹುಚ್ಚು ಹತ್ತಿತು. ಅವರು ಚಳಿಗಾಲಕ್ಕೆ ಮನೆಗೆ ಹೋದರು, ಇವನ ಹುಚ್ಚು ಹೋಗಲಿಲ್ಲ. ಹೇಗ್ ಪಟ್ಟಣದ ಒಬ್ಬ ವ್ಯಾಪಾರಿ ವರ್ಷಕ್ಕೆರಡು ಸಲ ಬಂದು ಇವನ ಚಿತ್ರಗಳನ್ನು ಕೊಂಡುಹೋಗುತ್ತಿದ್ದ. ಮನೆಯಲ್ಲಿ ರೊಟ್ಟಿಗೆ ತೊಂದರೆಯಿರಲಿಲ್ಲ. ಬೆಣ್ಣೆ ಮಾತ್ರ ಹಬ್ಬಕ್ಕೆ.

ಊರಿಗೆ ಇವನ ಮೇಲೆ ಸಿಟ್ಟು ಬರಲು ಕಾರಣವಿತ್ತು. ನಮ್ಮಲ್ಲಿ ನೆಲ ಪುಕ್ಕಟೆ ಸಿಕ್ಕಿದ್ದಲ್ಲ. ಅಜ್ಜ ಮುತ್ತಜ್ಜಂದಿರು ಗಾಳಿಗಿರಣಿ ಕಟ್ಟಿ, ನೀರೆತ್ತಿ ಆಚೆ ಹಾಕಿ, ಕೆಸರಿನ ಬಾಯಿಂದ ಗೇಣು ಗೇಣಾಗಿ ಕಿತ್ತುಕೊಂಡ ನೆಲ. ಅಂಥ ನೆಲಕ್ಕೆ ಈ ಮಹಾನುಭಾವ ತನ್ನ ಚಿತ್ರದ ತಳದಲ್ಲಿ ಎರಡು ಬೆರಳಿನಷ್ಟು ಜಾಗ ಕೊಡುತ್ತಿದ್ದ. ಮಿಕ್ಕಿದ್ದೆಲ್ಲ ಆಕಾಶ! ಆಕಾಶವನ್ನು ಯಾರ ಅಜ್ಜನೂ ಕಟ್ಟಿದ್ದಲ್ಲ, ಯಾರೂ ಅದಕ್ಕೆ ಬೇಲಿ ಹಾಕಿಲ್ಲ. ಅದಕ್ಯಾಕೆ ಅಷ್ಟು ಮರ್ಯಾದೆ?

ಹಿರಿಯ ಟ್ಯೂನಿಸ್ ಎಂಬ ದೊಡ್ಡ ಹಾಲಿನ ಕುಳ, ನಮ್ಮ ಚರ್ಚಿನ ಸಭೆಯ ಮುಖ್ಯಸ್ಥರಲ್ಲೊಬ್ಬ, ತನ್ನ ಬಹುಮಾನದ ಹಸುವಿನ ಚಿತ್ರ ಬರೆಯಲು ಇವನಿಗೆ ಹೇಳಿದ್ದ. ನಡುಮನೆಯಲ್ಲಿ, ಗಡಿಯಾರದ ಪಕ್ಕ ತೂಗುಹಾಕಲು. ಕ್ರೈನ್ ಬರೆದು ಕೊಟ್ಟ. ಚಿತ್ರದ ತುಂಬ ಬೆಳ್ಳಿಯಂಥ ದೊಡ್ಡ ದೊಡ್ಡ ಮೋಡ. ಕೆಳಗೆ ಒಂದು ಮೂಲೆಯಲ್ಲಿ ಕಂದು ಚುಕ್ಕೆ.

"ನನ್ನ ಹಸು ಎಲ್ಲೋ?" ಎಂದ ಟ್ಯೂನಿಸ್.

"ಅಲ್ಲೇ ಇದೆಯಲ್ಲ ಹಿರಿಯರೇ. ನೆರಳಲ್ಲಿ ನಿಂತಿದೆ."

"ಇದು ಹಸುವಲ್ಲ ಕಣೋ, ನೊಣದ ಹೇಲು!"

ಅಂದಿನಿಂದ ಟ್ಯೂನಿಸ್ ಇವನ ಮೇಲೆ ಹಲ್ಲು ಮಸೆಯುತ್ತಲೇ ಇದ್ದ. ಚಿತ್ರವನ್ನೇನೂ ಹಿಂದಿರುಗಿಸಲಿಲ್ಲ, ಅದು ಬೇರೆ ಮಾತು.

ಕ್ರೈನ್ ಮೇಲೆ ನೋಡುತ್ತಾ ನಡೆದು ಕಾಲುವೆಗೆ ಬಿದ್ದದ್ದಕ್ಕೆ ಲೆಕ್ಕವಿಲ್ಲ. ಹಾವುಮೀನಿನ ಆರಿ ತನ್ನ ಉದ್ದನೆಯ ಕೋಲು ಚಾಚಿ ಎಳೆದುಕೊಳ್ಳುತ್ತಿದ್ದ. "ಇವತ್ತು ಬಲೆಗೆ ಬಿದ್ದದ್ದು ಇದೊಂದೇ, ಮಾರೋಕೂ ಬರಲ್ಲ" ಎನ್ನುತ್ತಿದ್ದ. ತೊಯ್ದು ತೊಪ್ಪೆಯಾಗಿ ಮನೆಗೆ ಬಂದರೆ ಪ್ಲೌನಿ ಬಾಗಿಲಲ್ಲೇ ತಡೆದು ಅವನ ಮರದ ಪಾದರಕ್ಷೆಯಿಂದ ನೀರು ಸುರಿಯುವಳು. ಬೈಯುತ್ತಿರಲಿಲ್ಲ. ಅವಳ ಪಾಲಿನ ಬೈಗುಳವನ್ನೂ ನಾನೇ ಬೈಯಬೇಕಾಗಿತ್ತು.

ಇನ್ನು ನಮ್ಮ ಚರ್ಚಿನ ವಿಷಯ. ಅಲ್ಲಿ ಚಳಿಗಾಲದಲ್ಲಿ ಹೆಂಗಸರ ಕಾಲಡಿಗೆ ಕೆಂಡದ ಪೆಟ್ಟಿಗೆ ಇಡುವ ಕೆಲಸ ನನ್ನದು. ಮರದ ಪುಟ್ಟ ಪೆಟ್ಟಿಗೆ, ಮೇಲೆ ತೂತುಗಳು, ಒಳಗೆ ಮಣ್ಣಿನ ಬಟ್ಟಲಲ್ಲಿ ಕೆಂಡ. ಲಂಗದೊಳಗೆ ಕಾಲು ಬೆಚ್ಚಗಿದ್ದರೆ ಎಷ್ಟುದ್ದದ ಬೋಧನೆಯನ್ನಾದರೂ ತಡೆದುಕೊಳ್ಳಬಹುದು. ಮುದಿ ಗಂಡಸರೂ ಗುಟ್ಟಾಗಿ ಒಂದು ಪೆಟ್ಟಿಗೆ ಕೇಳುತ್ತಾರೆ. ನಾನು ಕೊಡುತ್ತೇನೆ, ಒಂದು ಮಾತು ಚುಚ್ಚಿ ಕೊಡುತ್ತೇನೆ.

ಆ ಚರ್ಚಿನ ಪಶ್ಚಿಮದ ಗೋಡೆಯಲ್ಲಿ ನೆಲದಿಂದ ಮಾಡಿನವರೆಗೆ ಕಿಟಕಿಗಳಿವೆ. ಹಳೇ ಕಾಲದಲ್ಲಿ ಅವುಗಳಲ್ಲಿ ಬಣ್ಣದ ಗಾಜಿನ ಸಂತರಿದ್ದರಂತೆ. ನಮ್ಮ ಹಿರೀಕರು, ವಿಗ್ರಹ ನೋಡುತ್ತಾ ಕೂತರೆ ದೇವರ ಮಾತು ಕಿವಿಗೆ ಬೀಳುವುದಿಲ್ಲ ಎಂದು ಕಲ್ಲು ಹೊಡೆದು ಒಬ್ಬ ಸಂತನನ್ನೂ ಬಿಡದೆ ಪುಡಿ ಮಾಡಿ, ತಿಳಿಗಾಜು ಹಾಕಿಸಿದರು. ಸರಿ, ಸಂತರು ಹೋದರು. ಮೋಡಗಳು ಬಂದವು! ನಮ್ಮ ಕಡೆ ಹವೆ ಬರುವುದೇ ಪಶ್ಚಿಮದ ಕಡಲಿಂದ. ಬೋಧನಾಪೀಠ ಎರಡು ಕಿಟಕಿಗಳ ನಡುವೆ. ಪಾದ್ರಿ ಬೋನ್‌ಕಾಂಪ್ ಅವರು ಗೋಡೆಗೆ ಬೆನ್ನು ಮಾಡಿ ನಮ್ಮತ್ತ ಮುಖ ಮಾಡಿ ನಿಂತು ಗುಡುಗುತ್ತಿದ್ದರೆ, ಅವರ ಎಡಬಲಕ್ಕೂ ಆಕಾಶ ಮೆರವಣಿಗೆ ಹೊರಟಿರುತ್ತಿತ್ತು. ಸಂತರಾದರೆ ನಿಂತ ಜಾಗದಲ್ಲೇ ನಿಂತಿರುತ್ತಿದ್ದರು, ಎಷ್ಟು ಹೊತ್ತು ನೋಡಲು ಸಾಧ್ಯ? ಮೋಡ ಹಾಗಲ್ಲ.

ಅದರಲ್ಲೂ ಒಂದು ಚೇಷ್ಟೆ ನೋಡಿ. ವಾರವಿಡೀ ಆಕಾಶ ಹಳೇ ಕಂಬಳಿಯ ಹಾಗೆ ಬೂದಾಗಿ ಬಿದ್ದಿರುತ್ತಿತ್ತು. ಭಾನುವಾರ ಗಂಟೆ ಹೊಡೆದದ್ದೇ ತಡ, ಗಾಳಿ ಎದ್ದು, ಕಂಬಳಿ ಹರಿದು, ಗೋಪುರದಂಥ ಮೋಡಗಳು ಬಿಸಿಲು ಹೊತ್ತು ಬರುತ್ತಿದ್ದವು. ಭಾನುವಾರ ನಮ್ಮಲ್ಲಿ ಸಬ್ಬತ್, ದೇವರ ನಾಲ್ಕನೆಯ ಆಜ್ಞೆಯಂತೆ ಕೆಲಸ ಮುಟ್ಟಬಾರದ ದಿನ. ಹಾಲು ಕರೆಯಬಹುದು, ಏಕೆಂದರೆ ಕೆಚ್ಚಲಿಗೆ ನಾಲ್ಕನೆಯ ಆಜ್ಞೆ ತಿಳಿಯದು. ಗಂಜಿಯನ್ನು ಶನಿವಾರವೇ ಬೇಯಿಸಿಟ್ಟು ತಂಗಳು ತಿನ್ನಬೇಕು. ಸೂಜಿ ಮುಟ್ಟುವ ಹಾಗಿಲ್ಲ. ಕುಂಚದ ಮಾತು ಎತ್ತುವಂತೆಯೇ ಇಲ್ಲ.

ಕ್ರೈನ್ ಭಾನುವಾರ ಕುಂಚ ಮುಟ್ಟಿದವನಲ್ಲ, ಅದನ್ನು ನಾನು ಆಣೆ ಮಾಡಿ ಹೇಳುತ್ತೇನೆ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಬೆಂಚಿನ ಮೇಲೆ ಕೂರುತ್ತಿದ್ದ. ಆದರೆ ಕಣ್ಣನ್ನು ಎಲ್ಲಿ ಇಟ್ಟುಕೊಳ್ಳುವುದು? ಕೂತಲ್ಲೇ ನೋಡುವುದು, ಸೋಮವಾರ ಬೆಳಗಾಗುತ್ತಲೇ ಬರೆಯುವುದು. ಹೀಗೇ ನಡೆದಿತ್ತು.

ಮದುವೆಯಾಗಿ ಬಹಳ ವರ್ಷವಾದ ಮೇಲೆ, ಇನ್ನು ಆಗುವುದಿಲ್ಲ ಎಂದು ಎಲ್ಲರೂ ಕೈಬಿಟ್ಟ ಮೇಲೆ, ಪ್ಲೌನಿಗೆ ಒಂದು ಹೆಣ್ಣುಮಗು ಹುಟ್ಟಿತು. ಲೇನಾ. ಮಾರ್ಚ್ ತಿಂಗಳ ಚಳಿ. ಕೂಸು ಹಿಡಿ ಗಾತ್ರ, ಉಸಿರು ಎದೆಗೂಡಿನಲ್ಲಿ ಸಿಕ್ಕಿಕೊಂಡಂತೆ ಗೊರಗೊರ. ಊರ ಹೆಂಗಸರು ನೋಡಲು ಬಂದು, ಬೆಣ್ಣೆ ಸವರಿ ಸಕ್ಕರೆ ಸೋಂಪು ಹಾಕಿದ ಗರಿಗರಿ ರೊಟ್ಟಿ ತಿಂದು, ಮಗುವನ್ನು ನೋಡಿ ಸುಮ್ಮನೆ ತುಟಿ ಒತ್ತಿಕೊಂಡು ಹೋದರು. ನಮ್ಮಲ್ಲಿ ಮಗು ಹುಟ್ಟಿದ ಮೊದಲ ಭಾನುವಾರವೇ ದೀಕ್ಷಾಸ್ನಾನ. ಅಪ್ಪ ಎತ್ತಿಕೊಂಡು ಪಾದ್ರಿಗಳ ಮುಂದೆ ನಿಂತು, ಇವಳನ್ನು ದೇವರ ದಾರಿಯಲ್ಲಿ ಬೆಳೆಸುತ್ತೀಯಾ ಎಂಬ ಪ್ರಶ್ನೆಗೆ 'ಹೌದು' ಎನ್ನಬೇಕು. ದೀಕ್ಷೆಯಿಲ್ಲದೆ ಸತ್ತ ಕೂಸೂ ದೇವರ ಮಡಿಲಲ್ಲೇ ಇರುತ್ತದೆ ಎಂದು ಪಾದ್ರಿಗಳು ಹೇಳುತ್ತಾರೆ, ನಿಜ. ತಾಯಿಯ ಹೊಟ್ಟೆ ಕೇಳಬೇಕಲ್ಲ.

ಅದೇ ವಾರ ಹಿರಿಯರ ಮನೆಭೇಟಿ ಬಂತು. ಚರ್ಚಿನ ಮೇಜಿಗೆ ಕೂತು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಮುಂಚೆ ಇಬ್ಬರು ಹಿರಿಯರು ಕಪ್ಪು ಕೋಟು ಹಾಕಿಕೊಂಡು ಮನೆಮನೆಗೂ ಬಂದು, ಜಗಳವಿದೆಯೇ, ಕುಡಿತವಿದೆಯೇ, ಗುಟ್ಟಿನ ಪಾಪವಿದೆಯೇ ಎಂದು ವಿಚಾರಿಸುವುದು ರೂಢಿ. ಎಲ್ಲರೂ ಪಕ್ಕದ ಮನೆಯ ಪಾಪ ಹೇಳುತ್ತಾರೆ. ಟ್ಯೂನಿಸ್ ಮತ್ತು ರೊಟ್ಟಿಯಂಗಡಿಯ ಲೇಂಡರ್ಟ್ ಬಂದರು. ನಾನು ಬಾಣಂತಿಗೆ ಗಂಜಿ ಕಾಯಿಸುತ್ತಿದ್ದೆ. ಲೇಂಡರ್ಟ್ ಮಗುವಿನ ಮೇಲೆ ಬಗ್ಗಿ ಒಳ್ಳೆಯ ಮಾತಾಡುತ್ತಿದ್ದ. ಟ್ಯೂನಿಸನ ಕಣ್ಣು ಕಿಟಕಿಯ ಬಳಿ ನಿಲ್ಲಿಸಿದ್ದ ಹಸಿ ಚಿತ್ರದ ಮೇಲೆ ಬಿತ್ತು.

"ಇದು... ಇದು ಮೊನ್ನೆ ಭಾನುವಾರದ ಮೋಡ ಅಲ್ವೇನೋ?"

ಬೇರೆಯವನಾಗಿದ್ದರೆ 'ಯಾವ ಭಾನುವಾರ?' ಎನ್ನುತ್ತಿದ್ದ. ನಮ್ಮವನು ಮುಖ ಅರಳಿಸಿಕೊಂಡು, "ಹೌದು ಹಿರಿಯರೇ! ಹೋಲ್ತಾ ಇದೆಯಾ?" ಎಂದ.

ನಾನು ಸೌಟನ್ನು ಗಂಜಿಯೊಳಗೇ ಬಿಟ್ಟೆ.

"ಅಂದ್ರೆ ಸಬ್ಬತ್ ದಿನ ದೇವರ ಮನೇಲಿ ಕೂತು ಕಸುಬು ಮಾಡ್ತಿದ್ದೀಯ."

"ನಾನು ಬರೆದದ್ದು ಸೋಮವಾರ."

"ಸೋಮವಾರ ಬರೆದದ್ದು ಕೊಯ್ಲು. ಭಾನುವಾರ ನೋಡಿದ್ದು ಬಿತ್ತನೆ. ಬಿತ್ತನೆ ಕೆಲಸ ಅಲ್ವಾ?"

"ನೋಡೋದು ಕೆಲಸ ಆದ್ರೆ ಕುರುಡ್ರು ಮಾತ್ರ ಸ್ವರ್ಗಕ್ಕೆ ಹೋಗ್ತಾರೆ ಬಿಡಿ" ಎಂದೆ ನಾನು.

"ಹೆಂದ್ರಿಕಾ, ನಿನ್ನ ಕೇಳಿದವರು ಯಾರು?"

"ನನ್ನ ಯಾರೂ ಕೇಳಲ್ಲ. ಅದಕ್ಕೇ ನಾನೇ ಹೇಳ್ಬೇಕಾಗುತ್ತೆ."

ಬಾಯಿ ಮಾಡಿ ಏನು ಬಂತು? ಟ್ಯೂನಿಸ್ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಸಭೆ ಸೇರಿ ತೀರ್ಮಾನ ಆಗುವ ತನಕ ಕ್ರೈನ್ ಕರ್ತನ ಮೇಜಿಗೂ ಬರುವಂತಿಲ್ಲ, ಮಗುವನ್ನೂ ದೀಕ್ಷೆಗೆ ಎತ್ತುವಂತಿಲ್ಲ ಎಂದುಬಿಟ್ಟ. ಲೇಂಡರ್ಟ್ ಪಾಪ, ಟೋಪಿ ತಿರುವುತ್ತಾ, "ಮಗುನ ಬೇಕಾದ್ರೆ ಟ್ಯೂನಿಸ್ ಎತ್ಕೊಂಡು ನಿಲ್ತಾರೆ, ಅದಕ್ಕೇನು ತಡೆ ಇಲ್ಲ" ಎಂದ.

ಹಾಸಿಗೆಯಲ್ಲಿದ್ದ ಪ್ಲೌನಿ ಎದ್ದು ಕೂತಳು. ನನ್ನ ತಂಗಿ ಯಾರೆದುರಿಗೂ ದನಿಯೆತ್ತಿದವಳಲ್ಲ. "ಇವಳಿಗೆ ಅಪ್ಪ ಇದ್ದಾನೆ. ಸತ್ತಿಲ್ಲ, ಓಡಿಹೋಗಿಲ್ಲ. ಅವನೇ ಎತ್ಕೋಬೇಕು. ಬೇರೆಯವರ ಕೈಗೆ ನನ್ನ ಮಗೂನ ಕೊಡಲ್ಲ" ಎಂದಳು. ಹಿರಿಯರು ಹೊರಟ ಮೇಲೆ ಗೋಡೆಯ ಕಡೆ ತಿರುಗಿ ಅತ್ತಳು.

ಮೊದಲ ಭಾನುವಾರ ಹಾಗೇ ಕಳೆಯಿತು. ಮಗುವಿನ ಗೊರಗೊರ ಹೆಚ್ಚಿತು. ನಾನು ಕ್ರೈನನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಸರಿಯಾಗಿ ಬೆಂಡೆತ್ತಿದೆ.

"ಒಂದು ಮಾತು ಹೇಳಿಬಿಡೋ ದೊಡ್ಡ ಮನುಷ್ಯ! ಇನ್ಮೇಲೆ ಭಾನುವಾರ ತಲೆ ಎತ್ತಲ್ಲ ಅನ್ನು. ನಾಲಿಗೆ ಸವೆಯುತ್ತಾ?"

"ಎತ್ತುತ್ತೀನಲ್ಲ ಅತ್ತಿಗೆ."

"ಎತ್ತಿದ್ರೆ ಎತ್ತು. ಈಗ ಎತ್ತಲ್ಲ ಅನ್ನು."

"ದೇವರ ಮುಂದೆ ಸುಳ್ಳು ಹೇಳಿ, ಅದೇ ಬಾಯಲ್ಲಿ ಅವಳ ಪರವಾಗಿ 'ಹೌದು' ಅನ್ನಲಾ? ಆ 'ಹೌದು' ಏನಕ್ಕೆ ಬರುತ್ತೆ?"

ಅವನ ಕಣ್ಣು ಕೆಂಪಗಿದ್ದವು. ಅವನೂ ಅತ್ತಿದ್ದ. ಒಂದು ಏಟು ಹಾಕೋಣ ಎಂದು ಎತ್ತಿದ ನನ್ನ ಕೈ ಕೆಳಗಿಳಿಯಿತು. ಇಂಥ ಪೆದ್ದನಿಗೆ ಏನು ಹೇಳುವುದು? ಸುಳ್ಳು ಹೇಳಲು ಬಾರದ ಗಂಡಸು ಹೆಂಡತಿಗೆ ವರವೂ ಹೌದು, ಶನಿಯೂ ಹೌದು.

ಸಭೆ ಸೇರಿದ್ದು ಚರ್ಚಿನ ಪಕ್ಕದ ಕೋಣೆಯಲ್ಲಿ. ಹೆಂಗಸರಿಗೆ ಅಲ್ಲಿ ಪ್ರವೇಶವಿಲ್ಲ, ಆದರೆ ಹಿರಿಯರ ಕಾಲಿಗೆ ಚಳಿಯಿದೆಯಲ್ಲ. ನಾನು ಕೆಂಡದ ಪೆಟ್ಟಿಗೆ ಹೊತ್ತುಕೊಂಡು ಒಳಗೆ ಹೋದೆ. ಇಟ್ಟ ಮೇಲೆ ಊದುತ್ತಾ ಮೂಲೆಯಲ್ಲೇ ಕೂತೆ. ಯಾರೂ ಎಬ್ಬಿಸಲಿಲ್ಲ. ಬೆಚ್ಚಗಿದ್ದ ಕಾಲು ಯಾರನ್ನೂ ಎಬ್ಬಿಸುವುದಿಲ್ಲ.

ಮೇಜಿನ ತಲೆಯಲ್ಲಿ ಪಾದ್ರಿ ಬೋನ್‌ಕಾಂಪ್. ಒಣಕಲು, ಎತ್ತರ, ಉದ್ದ ಮೂಗು, ಮೂಗಿಗಿಂತ ಉದ್ದ ಬೋಧನೆ. ಒಂದೊಂದು ಬೋಧನೆಯಲ್ಲೂ ಮೂರು ಭಾಗ. ಒಂದೊಂದು ಭಾಗಕ್ಕೆ ನಾವು ಒಂದೊಂದು ಪುದೀನ ಮಿಠಾಯಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು, ಅವರು ಮಾತ್ರ ಮೂರು ಮಿಠಾಯಿ ಕರಗಿದ ಮೇಲೂ ನಿಲ್ಲಿಸುತ್ತಿರಲಿಲ್ಲ. ಆಚೀಚೆ ಟ್ಯೂನಿಸ್, ಲೇಂಡರ್ಟ್, ಮತ್ತೆ ಹಾವುಮೀನಿನ ಆರಿ. ಆರಿಯೂ ಹಿರಿಯನೇ, ಮೀನಿನ ವಾಸನೆಯ ಹಿರಿಯ. ಎದುರಿಗೆ ಕ್ರೈನ್ ನಿಂತಿದ್ದ. ಟ್ಯೂನಿಸನ ಹಟದಿಂದ ಕ್ರೈನನ ಮನೆಯ ಚಿತ್ರಗಳನ್ನೆಲ್ಲ ತಳ್ಳುಗಾಡಿಯಲ್ಲಿ ತರಿಸಿ ಗೋಡೆಗೆ ಒರಗಿಸಿದ್ದರು.

"ಒಂದು ಸಲ ನೋಡಿದ್ದರೆ ಅದು ಕಾಲು ಜಾರಿದ್ದು. ವಾಡಿಕೆ ಮಾಡಿಕೊಂಡಿದ್ದರೆ ಅದು ಬೇರೆ" ಎಂದರು ಪಾದ್ರಿಗಳು. "ಇವುಗಳಲ್ಲಿ ಯಾವ್ಯಾವುದು ಭಾನುವಾರದ್ದು?"

"ಭಾನುವಾರದ್ದನ್ನ ಒಲೆಗೆ ಹಾಕ್ಬೇಕು, ಅದು ಸಬ್ಬತ್ತಿನ ಗಳಿಕೆ" ಎಂದ ಟ್ಯೂನಿಸ್.

ಕ್ರೈನ್ ಚಿತ್ರಗಳ ಮುಂದೆ ಅಡ್ಡ ನಿಂತ. "ನೋಡಿದ್ದೀನಿ ಅಂತ ಒಪ್ಕೊಂಡಿದ್ದೀನಲ್ಲ ಅಯ್ಯನವರೇ. ಯಾವುದು ಅಂತ ಮಾತ್ರ ಹೇಳಲ್ಲ."

"ಮೋಡದ ಮೇಲೆ ವಾರ ಬರೆದಿರುತ್ತದೆಯೇ? ಇವನು ಹೇಳದಿದ್ದರೆ ತಿಳಿಯುವುದು ಹೇಗೆ?" ಎಂದರು ಪಾದ್ರಿಗಳು.

"ಬರೆದಿರಬೇಕಾಗಿಲ್ಲ, ನಾನು ಆರಿಸಿ ಕೊಡ್ತೀನಿ" ಎಂದು ಟ್ಯೂನಿಸ್ ಎದ್ದ. ತೋಳು ಮಡಚಿದ. ಮೊದಲ ಚಿತ್ರವನ್ನು ನೋಡಿ, "ಇದು ಬುಧವಾರವೋ ಗುರುವಾರವೋ, ಬಿಡಿ" ಎಂದ. ಎರಡನೆಯದನ್ನು ಎತ್ತಿದ. "ಇದು ಭಾನುವಾರದ್ದು! ಕ್ರಿಸ್ಮಸ್ ಆದ ಮೇಲಿನ ಭಾನುವಾರ. ಎಡಗಡೆ ಕಿಟಕೀಲಿ ಬಂತು, ರೊಟ್ಟಿ ಉಬ್ಬಿದ ಹಾಗೆ ಉಬ್ಬಿತ್ತು."

"ಎಡಗಡೆ ಅಲ್ಲ ಟ್ಯೂನಿಸ್, ಬಲಗಡೆ" ಎಂದ ಲೇಂಡರ್ಟ್. ರೊಟ್ಟಿಯ ಮಾತು ಬಂದ ಮೇಲೆ ಅವನು ಸುಮ್ಮನಿರುತ್ತಾನೆಯೇ? "ಬಲಗಡೆ ಕಿಟಕೀಲಿ ಉಬ್ಬಿ, ಮಧ್ಯದಲ್ಲಿ ಬಿರಿದು, ಆಮೇಲೆ ಎಡಗಡೆಗೆ ಹೋಗಿದ್ದು. ನಾನು ಪೂರ್ತಿ ನೋಡ್ದೆ."

"ಪೂರ್ತಿ ಎಲ್ಲಿ ನೋಡ್ದೆ? ನೀನು ಅರ್ಧ ಹೊತ್ತು ಗೊರಕೆ ಹೊಡೀತಿದ್ದೆ" ಎಂದು ಆರಿ ತಾನೂ ಎದ್ದು ಬಂದ. "ಇದು ನೋಡಿ, ಇದು! ಇದು ನಮ್ಮಮ್ಮನ್ನ ಮಣ್ಣು ಮಾಡಿದ ಮೇಲಿನ ಭಾನುವಾರ. ಹಿಂದುಗಡೆ ಕರ್ರಗೆ, ಮುಂದುಗಡೆ ಒಂದು ಸಣ್ಣದು ಬೆಳ್ಳಗೆ, ಒಂಟಿ. ನಾನು ಅದನ್ನೇ ನೋಡ್ತಾ ಅತ್ತಿದ್ದೆ. ಕ್ರೈನ್, ಸಣ್ಣದನ್ನ ಸರಿಯಾಗಿ ಹಿಡ್ದಿದ್ದೀಯ ಕಣೋ."

"ಇದು ಗಿರಣಿ ಮೇಲೆ ನಿಂತು ಅಲ್ಲಾಡದೇ ಇದ್ದದ್ದು."

"ಅಲ್ಲಾಡ್ತು! ಕೀರ್ತನೆ ಶುರುವಾದಾಗ ಅಲ್ಲಾಡ್ತು!"

ಮೂವರೂ ಚಿತ್ರಗಳ ಮುಂದೆ ಮಂಡಿಯೂರಿ, ಸಂತೆಯಲ್ಲಿ ಕರು ಆರಿಸುವವರ ಹಾಗೆ ತಳ್ಳಾಡುತ್ತಿದ್ದರು. ಭಾನುವಾರದ್ದೆಲ್ಲ ಒಂದು ಕಡೆ ರಾಶಿ ಬಿತ್ತು. ಟ್ಯೂನಿಸ್ ಬೆವರೊರೆಸಿಕೊಂಡು, ಗೆದ್ದವನ ಹಾಗೆ ಪಾದ್ರಿಗಳ ಕಡೆ ತಿರುಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರೆ. ಇವರು ಹೆಗಲನ್ನೇ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದರು. ನಾನು ಶಾಲಿನ ಅಂಚನ್ನು ಬಾಯಿಗೆ ತುರುಕಿಕೊಂಡೆ.

ಪಾದ್ರಿಗಳ ಮುಖ ಬೂದಿಯ ಹಾಗಾಗಿತ್ತು. "ಕ್ರಿಸ್ಮಸ್ ಆದ ಮೇಲಿನ ಭಾನುವಾರ" ಎಂದು ನಿಧಾನವಾಗಿ ಕೇಳಿದರು, "ನಾನು ಏನು ಬೋಧಿಸಿದೆ?"

ಟ್ಯೂನಿಸ್ ಲೇಂಡರ್ಟನನ್ನು ನೋಡಿದ. ಲೇಂಡರ್ಟ್ ಆರಿಯನ್ನು ನೋಡಿದ. ಆರಿ ನನ್ನನ್ನು ನೋಡಿದ. ನನ್ನನ್ನು ಯಾಕೆ ನೋಡಬೇಕು, ನಾನು ಕೆಂಡ ಊದಿದೆ.

"ಬಹಳ ಚೆನ್ನಾಗಿತ್ತು ಅಯ್ಯನವರೇ" ಎಂದ ಲೇಂಡರ್ಟ್ ಕೊನೆಗೆ.

"ಏನು ಚೆನ್ನಾಗಿತ್ತು?"

ಲೇಂಡರ್ಟ್ ಮತ್ತೆ ಚಿತ್ರಗಳ ಕಡೆ ತಿರುಗಿದ. ಇಪ್ಪತ್ತು ವರ್ಷ ಆ ಮನುಷ್ಯ ನಮಗೆ ಬೋಧಿಸಿದ್ದರು. ನನಗೆ ಅವರ ಮೇಲೆ ಯಾವತ್ತೂ ಪ್ರೀತಿ ಇರಲಿಲ್ಲ, ಆದರೂ ಆ ಹೊತ್ತು ಒಂದು ಕೆಂಡದ ಪೆಟ್ಟಿಗೆಯನ್ನು ಅವರ ಕಾಲ ಹತ್ತಿರಕ್ಕೆ ಸರಿಸಿದೆ.

"ಬಿಳಾಮನ ಕತ್ತೆ" ಎಂದ ಕ್ರೈನ್.

ಎಲ್ಲರೂ ತಿರುಗಿದರು.

"ಅವತ್ತು ಬಿಳಾಮನ ಕತ್ತೆ ಕಥೆ ಅಯ್ಯನವರೇ. ಕತ್ತೆ ಮೊದಲನೇ ಸಲ ದಾರಿ ಬಿಟ್ಟು ಹೊಲಕ್ಕೆ ನುಗ್ಗಿದಾಗ ಮೋಡ ಬಲಗಡೆ ಉಬ್ತು. ಬಿಳಾಮ ಬಡಿದಾಗ ಬಿರೀತು. ಕತ್ತೆ ಬಾಯಿಬಿಟ್ಟು ಮಾತಾಡ್ತಲ್ಲ, ಆಗ ಬಿರುಕಲ್ಲಿ ಬಿಸಿಲು ಬಂತು. ನೀವು ಆಗ ಸೀನಿದ್ರಿ. ದೇವದೂತನ್ನ ಕತ್ತೆ ನೋಡ್ತು, ಪ್ರವಾದಿ ನೋಡ್ಲಿಲ್ಲ, ನಮ್ಮಲ್ಲಿ ಎಷ್ಟು ಜನ ಬಿಳಾಮರಿದ್ದೀವಿ ಅಂತ ಕೇಳಿದ್ರಿ."

ಪಾದ್ರಿಗಳು ಆರಿಯ ಅಮ್ಮನ ಭಾನುವಾರದ ಚಿತ್ರದತ್ತ ಬೆರಳು ತೋರಿಸಿದರು.

"ಅದು ಯೋನ. ಅವನು ಮೀನಿನ ಹೊಟ್ಟೇಲಿ ಇದ್ದಷ್ಟು ಹೊತ್ತೂ ಹಿಂದಿನದು ಕಪ್ಪಾಗ್ತಾನೇ ಇತ್ತು. 'ಸಮುದ್ರದ ಹುಲ್ಲು ತಲೆಗೆ ಸುತ್ತಿತ್ತು' ಅಂದ್ರಲ್ಲ, ಆಗ ಈ ಸಣ್ಣದು ಬಂತು."

"ಇದನ್ನೆಲ್ಲ ಹೇಗೆ ನೆನಪಿಟ್ಟುಕೊಂಡೆ?"

"ಭಾನುವಾರ ಗೆರೆ ಎಳೆಯೋ ಹಾಗಿಲ್ವಲ್ಲ. ಸೋಮವಾರದ ತನಕ ಮೋಡ ತಲೇಲಿ ನಿಲ್ಲಲ್ಲ, ಕರಗಿಹೋಗುತ್ತೆ. ನಿಮ್ಮ ಮಾತಿಗೆ ಒಂದೊಂದನ್ನ ಕಟ್ಟಿ ಹಾಕ್ತೀನಿ. ಬೆಳಿಗ್ಗೆ ಎದ್ದು ಬೋಧನೇನ ಮೊದಲಿಂದ ಹೇಳ್ಕೊಂಡ್ರೆ ಮೋಡ ಹಿಂದೇನೇ ಬರುತ್ತೆ."

"ಅಂದರೆ ನನ್ನ ಬೋಧನೆ ನಿನಗೆ ದನ ಕಟ್ಟುವ ಗೂಟ."

ಅಲ್ಲ ಅನ್ನೋ, ಅಲ್ಲ ಅನ್ನೋ ಎಂದು ನಾನು ಮೂಲೆಯಿಂದ ಕಣ್ಣು ಬಿಟ್ಟೆ.

"ಹೌದು ಅಯ್ಯನವರೇ" ಎಂದ ಪುಣ್ಯಾತ್ಮ. "ಗಟ್ಟಿ ಗೂಟ."

ಪಾದ್ರಿಗಳು ಎದ್ದು ಬಂದು, ಬಿಳಾಮನ ಭಾನುವಾರದ ಚಿತ್ರವನ್ನು ಎರಡು ಕೈಯಲ್ಲೂ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. ಹುಡುಗರ ಹಾಗೆ ಬಾಯಿ ಸ್ವಲ್ಪ ತೆರೆದಿತ್ತು.

"ನನ್ನ ಬೆನ್ನ ಹಿಂದೆ ಇದು ಇತ್ತೇ? ಇಷ್ಟು ದೊಡ್ಡದು?"

"ಇನ್ನೂ ದೊಡ್ಡದಿತ್ತು ಅಯ್ಯನವರೇ" ಎಂದ ಟ್ಯೂನಿಸ್, ತಡೆದುಕೊಳ್ಳಲಾರದೆ. "ಇವನು ಚಿತ್ರದ ಬಟ್ಟೆಗೆ ತಕ್ಕ ಹಾಗೆ ಕುಗ್ಗಿಸಿದ್ದಾನೆ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಪಾದ್ರಿಗಳು ಅವನನ್ನು ನೋಡಿದರು. "ನೋಡಿದ್ದು ಪಾಪವಾದರೆ ಈ ಸಲ ಕರ್ತನ ಮೇಜಿಗೆ ನಾನೊಬ್ಬನೇ ಕೂರಬೇಕು ಟ್ಯೂನಿಸ್. ನಾನು ನೋಡಲಿಲ್ಲ ಎಂದರೆ ಅದು ನನ್ನ ಭಕ್ತಿಯಲ್ಲ. ಕಿಟಕಿ ನನ್ನ ಬೆನ್ನಿಗಿದೆ, ಅಷ್ಟೇ." ಚಿತ್ರವನ್ನು ಗೋಡೆಗೆ ಒರಗಿಸಿ, ಕೋಟು ಸರಿ ಮಾಡಿಕೊಂಡರು. "ಈ ಭಾನುವಾರ ದೀಕ್ಷೆ. ಅಪ್ಪನೇ ಎತ್ತಿಕೊಂಡು ಬರಲಿ. ಹೆಂದ್ರಿಕಾ, ಅಳುವುದಾದರೆ ಹೊರಗೆ ಹೋಗಿ ಅಳು, ಕೆಂಡ ಆರುತ್ತದೆ."

ನಾನು ಅಳುತ್ತಿರಲಿಲ್ಲ, ಹೊಗೆ. ಆದರೂ ಹೊರಗೆ ಬಂದು, ಲಂಗ ಎತ್ತಿಕೊಂಡು, ಕಾಲುವೆಯ ದಾರಿಯುದ್ದಕ್ಕೂ ಓಡಿದೆ. ಪ್ಲೌನಿ ಬಾಗಿಲಲ್ಲೇ ಮಗುವನ್ನು ಎದೆಗವಚಿಕೊಂಡು ನಿಂತಿದ್ದಳು. "ಅವನೇ ಎತ್ಕೋತಾನೆ ಕಣೇ" ಎಂದೆ. ಇಬ್ಬರೂ ಹೊಸ್ತಿಲ ಮೇಲೆ ಕೂತು ಮನಸಾರೆ ಅತ್ತೆವು. ಆಗ ಹೊಗೆ ಇರಲಿಲ್ಲ.

ಮಗು ಆ ಭಾನುವಾರದವರೆಗೆ ಉಸಿರು ಹಿಡಿದುಕೊಂಡಿತು. ಕ್ರೈನ್ ಮದುವೆಯ ಕಪ್ಪು ಕೋಟು ಹಾಕಿಕೊಂಡಿದ್ದ, ಗುಂಡಿ ಕೂರುತ್ತಿರಲಿಲ್ಲ. ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಪೀಠದ ಬುಡದಲ್ಲಿ, ಎರಡು ಕಿಟಕಿಗಳಿಗೂ ನೇರವಾಗಿ ಮುಖ ಮಾಡಿ ನಿಂತ. ಅಷ್ಟರಲ್ಲಿ ಶುರುವಾಯಿತು ನೋಡಿ ಪಶ್ಚಿಮದಲ್ಲಿ! ನನ್ನ ಆಯುಷ್ಯದಲ್ಲಿ ನಾನು ಅಂಥ ಮೋಡ ಕಂಡಿಲ್ಲ. ಬಲಗಡೆಯ ಕಿಟಕಿಯ ತಳದಿಂದ ಎದ್ದು, ಮಾಡಿನ ತನಕ ಬೆಳೆದು, ಮೈಯೆಲ್ಲ ಚಿನ್ನದ ಅಂಚು ಹೊತ್ತು, ಪೀಠದ ಹಿಂದೆ ಹಾದು, ಎಡಗಡೆಯ ಕಿಟಕಿಗೂ ತುಂಬಿಕೊಂಡಿತು. ಇಡೀ ಚರ್ಚು ಕತ್ತು ಮೇಲೆತ್ತಿತು. ಟ್ಯೂನಿಸನ ಬಾಯಿಂದ ಪುದೀನ ಮಿಠಾಯಿ ಜಾರಿ ನೆಲಕ್ಕೆ ಬಿದ್ದು ಉರುಳಿದ ಸದ್ದು ನನಗೆ ಕೇಳಿಸಿತು. ನಾನೂ ಕತ್ತೆತ್ತಿದ್ದೆ, ಸುಳ್ಳೇಕೆ ಹೇಳಲಿ. ಪಾದ್ರಿಗಳು ಕೂಡ ಪ್ರಶ್ನೆ ಓದುತ್ತಾ ಓದುತ್ತಾ ನಮ್ಮೆಲ್ಲರ ಮುಖ ನೋಡಿ, ಒಂದೇ ಒಂದು ಗಳಿಗೆ, ಹಿಂದಕ್ಕೆ ತಿರುಗಿದರು.

"ಹೌದು" ಎಂದ ಕ್ರೈನ್. ನೀರು ಬಿತ್ತು. ಮಗು ಕಿರುಚಿತು, ಗೂಡೇ ಬಿಚ್ಚಿಹೋಗುವ ಹಾಗೆ ಕಿರುಚಿತು. ಅಷ್ಟು ಗಟ್ಟಿ ದನಿಯನ್ನು ನಾವು ಅದರ ಬಾಯಲ್ಲಿ ಅದೇ ಮೊದಲು ಕೇಳಿದ್ದು.

ಸೋಮವಾರ ನಾನು ಬಾಣಂತಿಗೆ ಗಂಜಿ ತೆಗೆದುಕೊಂಡು ಹೋದರೆ ಬಾಗಿಲಲ್ಲಿ ಮರದ ಪಾದರಕ್ಷೆಗಳ ರಾಶಿ! ಲೇಂಡರ್ಟ್ ಬಂದಿದ್ದ, ಆರಿ ಬಂದಿದ್ದ, ಎಲ್ಲರಿಗಿಂತ ಮುಂದೆ ಟ್ಯೂನಿಸ್. ಕೇಳಿದರೆ ಮಗು ನೋಡಲು ಬಂದೆವು ಎಂದರು. ಮಗುವಿನ ಕಡೆ ಯಾರೂ ತಿರು­ಗಿರಲಿಲ್ಲ. ಕಿಟಕಿಯ ಬಳಿ ಕ್ರೈನ್ ಒಂದು ಚಿತ್ರದ ಬಟ್ಟೆ ನಿಲ್ಲಿಸಿಕೊಂಡಿದ್ದ. ತಳದಲ್ಲಿ ಎರಡು ಬೆರಳು ನೆಲ ಬರೆದಿದ್ದ. ಮೇಲೆಲ್ಲ ಬರಿದು.

"ಎಲ್ಲೋ? ನಿನ್ನೇದು ಎಲ್ಲೋ?" ಎಂದ ಟ್ಯೂನಿಸ್.

"ನಿನ್ನೆ ಮೋಡ ಇತ್ತಾ ಹಿರಿಯರೇ?"

"ಇತ್ತಾ ಅಂತೀಯಾ? ಅಯ್ಯೋ ನಿನ್ನ! ಇಲ್ಲಿಂದ ಎದ್ದು..." ಟ್ಯೂನಿಸ್ ಸ್ಟೂಲು ಎಳೆದುಕೊಂಡು ಹತ್ತಿ ನಿಂತು ಎರಡು ಕೈಯಲ್ಲೂ ತೋರಿಸತೊಡಗಿದ. "...ಇಲ್ಲಿ ತನಕ! ಅಂಚೆಲ್ಲ ಚಿನ್ನ! ಒಳಗೆ ನೀಲಿ, ನೀಲಿ ಅಂದ್ರೆ ನೀಲಿಯಲ್ಲ, ಅದೇನೋ... ಇಂಥದ್ದು ಜನ್ಮಕ್ಕೊಂದು ಸಲ ಬರುತ್ತೆ ಕಣೋ! ನಿನ್ನ ಮೂಗಿನ ಮುಂದೇನೇ ಹೋಯ್ತು! ನೀನು ನೋಡ್ಲೇ ಇಲ್ವಾ?"

"ಇಲ್ಲ" ಎಂದ ಕ್ರೈನ್. "ಮಗು ಕಣ್ಣು ಬಿಟ್ಟಿತ್ತು."

ಟ್ಯೂನಿಸ್ ಸ್ಟೂಲಿನ ಮೇಲೆ ಕೈ ಚಾಚಿಕೊಂಡೇ ನಿಂತಿದ್ದ. ಆಮೇಲೆ ಮೆಲ್ಲಗೆ ಇಳಿದು, ಟೋಪಿ ತೆಗೆದು, ತೊಟ್ಟಿಲ ಕಡೆ ಹೋದ.